ಕುಪ್ಯದ ಕಪ್ಪು, ಚೇಲೆಯ ಕೆಂಪು, ಜುಲೈ ತಿಂಗಳ ಪ್ರೈಮರ್

ಪ್ರಶ್ನೆ: ನಾನು ವಿರಾಜಪೇಟೆಯವನು. 32 ಮಿಲಿಮೀಟರ್ ಅಳತೆಯ ರೆಸಿನ್ ಯೋಧನೊಬ್ಬನನ್ನು ತರಿಸಿಕೊಂಡಿದ್ದೇನೆ. ಫ್ಯಾಂಟಸಿ ಯುದ್ಧದಾಟದ ಗೊಂಬೆ. ಉದ್ದ ನಿಲುವಂಗಿ, ಸೊಂಟಕ್ಕೆ ಬಟ್ಟೆಯ ಪಟ್ಟಿ, ಕೈಯಲ್ಲಿ ಅಗಲ ಕತ್ತಿ. ಇದಕ್ಕೆ ನಮ್ಮ ಕೊಡವ ಗಂಡಸರ ಉಡುಪಾದ ಕುಪ್ಯಚೇಲೆಯ (ಕಪ್ಪು ನಿಲುವಂಗಿ ಕುಪ್ಯ, ಸೊಂಟದ ಕೆಂಪು ರೇಷ್ಮೆ ಪಟ್ಟಿ ಚೇಲೆ) ಬಣ್ಣ ಕೊಡಬೇಕೆಂದು ಆಸೆ. ಜುಲೈಯಲ್ಲಿ, ಬಣ್ಣ ಹಿಡಿಯಲೆಂದು ಅಡಿಗೆ ಸ್ಪ್ರೇ ಪ್ರೈಮರ್ ಹೊಡೆದೆ. ಒಣಗಿದ ಮೇಲೆ ಮೈಯೆಲ್ಲ ಉಪ್ಪುಕಾಗದದ ಹಾಗೆ ತರಿತರಿ. ಬೇರೊಂದು ಹಳೆಯ ಗೊಂಬೆಯ ಮೇಲೆ ಬಣ್ಣ ಹಚ್ಚಿ ನೋಡಿದೆ. ಮೂರು ಸೊನ್ನೆಯ ತೀರಾ ಸಣ್ಣ ಬ್ರಷ್ ತಂದರೂ ವಿವರ ಎದ್ದು ಕಾಣುವುದಿಲ್ಲ. ಕಪ್ಪು ಬಟ್ಟೆ ಬರೀ ಕಪ್ಪು ಮುದ್ದೆ, ಮುಖವೂ ಅಷ್ಟೆ. ನಮ್ಮ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಮುಗಿಸಬಹುದೇ? ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಬೇಕೇ ಬೇಕಾ?

ಉತ್ತರ:

ಮೊದಲು ಆ ಮೂರು ಸೊನ್ನೆಯ ಬ್ರಷ್ ಪಕ್ಕಕ್ಕಿಡಿ. ವಿವರ ಕಾಣಿಸದಿರುವುದಕ್ಕೂ ಬ್ರಷ್ಷಿನ ದಪ್ಪಕ್ಕೂ ಸಂಬಂಧ ಕಡಿಮೆ. ವಿವರವನ್ನೆಲ್ಲ ಶಿಲ್ಪಿ ಆಗಲೇ ಕೆತ್ತಿಟ್ಟಿದ್ದಾನೆ. ನೀವು ಹೊಸದಾಗಿ ಗೆರೆ ಎಳೆಯಬೇಕಾದ್ದು ಬಹಳ ಇಲ್ಲ. ಕೊರತೆ ಇರುವುದು ಬೆಳಕು ಮತ್ತು ನೆರಳಿನಲ್ಲಿ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ನಿಮ್ಮ ಯೋಧ ನಿಜವಾದ ಆಳಿಗಿಂತ ಸುಮಾರು 55 ಪಟ್ಟು ಚಿಕ್ಕವನು. ಅವನನ್ನು ಮೇಜಿನ ಮೇಲಿಟ್ಟು ಒಂದು ಮೊಳ ದೂರದಿಂದ ನೋಡಿದರೆ, ನಿಜವಾದ ಮನುಷ್ಯನನ್ನು 25 ಮೀಟರ್ ದೂರದಿಂದ ನೋಡಿದಷ್ಟೇ ಗಾತ್ರದಲ್ಲಿ ಕಾಣುತ್ತಾನೆ. ಅಷ್ಟು ದೂರದಲ್ಲಿ ನಿಂತವನ ಕಣ್ಣಿನ ಬಿಳಿ ಕಾಣುತ್ತದಾ? ಗುಂಡಿ ಕಾಣುತ್ತದಾ? ಕಾಣುವುದು ಕಪ್ಪು ಭಾಗ, ಬೆಳಕಿನ ಭಾಗ, ಅಷ್ಟೆ. ಆದರೆ ನಮಗೆ ಗೊಂಬೆಯಲ್ಲಿ ಎಲ್ಲವೂ ಹತ್ತಿರದಿಂದ ನೋಡಿದ ಹಾಗೆ ಕಾಣಬೇಕು, ಅಲ್ವಾ? ಅದಕ್ಕೇ ನೆರಳನ್ನು ನಿಜಕ್ಕಿಂತ ಗಾಢವಾಗಿ, ಬೆಳಕನ್ನು ನಿಜಕ್ಕಿಂತ ಜಾಸ್ತಿಯಾಗಿ ನೀವೇ ಬರೆಯಬೇಕು. ಶಿಲ್ಪಿಗಳು ಮಾಡುವುದೂ ಇದನ್ನೇ. 1983ರಲ್ಲಿ ಶುರುವಾದ ವಾರ್‌ಹ್ಯಾಮರ್‌ನಂಥ ಆಟಗಳ ಗೊಂಬೆಗಳನ್ನು ನೋಡಿ. ತಲೆ, ಕೈ, ಕತ್ತಿ ಎಲ್ಲ ಮೈಯ ಅಳತೆಗಿಂತ ದೊಡ್ಡವು. ಬೇಕೆಂದೇ ಹಾಗೆ ಮಾಡಿರುತ್ತಾರೆ.

ನಿಮ್ಮ ಹಳೆಯ ಗೊಂಬೆಯನ್ನು ಫೋನಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆದು ನೋಡಿ. ಕುಪ್ಯ, ಚೇಲೆ, ಮುಖ ಎಲ್ಲ ಒಂದೇ ಬೂದು ಬಣ್ಣದಲ್ಲಿ ಕಂಡರೆ ರೋಗ ಗೊತ್ತಾದ ಹಾಗೆ. ಕೆಲಸದ ನಡುವೆ ಆಗಾಗ ಈ ಫೋಟೋ ತೆಗೆಯುವ ಅಭ್ಯಾಸ ಇಟ್ಟುಕೊಳ್ಳಿ. ದುಬಾರಿ ಬಣ್ಣಕ್ಕಿಂತ ಇದರಿಂದ ಉಪಯೋಗ ಜಾಸ್ತಿ.

ಬ್ರಷ್ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಒಂದನೇ ನಂಬರಿನದು ಸಾಕು. ತುದಿ ಮಾತ್ರ ಸೂಜಿಯಂತೆ ಕೂಡಬೇಕು. ಮೂರು ಸೊನ್ನೆಯದರಲ್ಲಿ ಕೂದಲೇ ಕಡಿಮೆ, ಬಣ್ಣ ನಿಲ್ಲುವುದಿಲ್ಲ. ಗೊಂಬೆ ಮುಟ್ಟುವ ಮೊದಲೇ ತುದಿ ಒಣಗಿರುತ್ತದೆ. ಕೊಲಿನ್ಸ್ಕಿ ಎಂಬ ಪ್ರಾಣಿಯ ಕೂದಲಿನ ಬ್ರಷ್ ತುಂಬಾ ಚೆನ್ನಾಗಿರುತ್ತದೆ, ಬೆಲೆಯೂ ಹಾಗೇ. ಸಿಂಥೆಟಿಕ್‌ನಲ್ಲಿ ಶುರು ಮಾಡಿ. ತುದಿ ಕೊಕ್ಕೆಯಾದ ಮೇಲೆ ಅದನ್ನು ಅಡಿಬಣ್ಣ ಬಳಿಯಲು ಇಟ್ಟುಕೊಳ್ಳಿ. ಬಣ್ಣ ಲೋಹದ ಹಿಡಿಕೆಯವರೆಗೆ ಏರಲು ಬಿಡಬೇಡಿ. ಅಲ್ಲಿ ಒಣಗಿದರೆ ಕೂದಲು ಬಿಚ್ಚಿಕೊಳ್ಳುತ್ತದೆ.

ಈಗ ಪ್ರೈಮರ್. "ಮಳೆಗಾಲ, ಅದಕ್ಕೇ ಹಾಳಾಯ್ತು" ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ತೇವದ ಗಾಳಿಯಲ್ಲಿ ಸ್ಪ್ರೇ ಹೊಡೆದರೆ ಅದರಲ್ಲಿರುವ ದ್ರಾವಕ ಬೇಗ ಆರುತ್ತಾ ಗೊಂಬೆಯ ಮೈಯನ್ನು ತಣ್ಣಗೆ ಮಾಡುತ್ತದೆ. ತಣ್ಣಗಾದ ಮೈಮೇಲೆ ಗಾಳಿಯ ತೇವ ಕೂರುತ್ತದೆ. ಆಗ ಬಣ್ಣ ಮಂಕಾಗಿ ಬೆಳ್ಳಗಾಗುತ್ತದೆ, ಸರಿಯಾಗಿ ಹಿಡಿಯುವುದೂ ಇಲ್ಲ. ಆದರೆ ತರಿತರಿ ಆಗುವುದಕ್ಕೆ ಇನ್ನೊಂದು ಕಾರಣ ಇದೆ. ಡಬ್ಬಿಯನ್ನು ದೂರದಿಂದ ಹಿಡಿದರೆ ಹನಿ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬಂದು ಕೂರುತ್ತದೆ. ಮಳೆ ಎಂದು ಜಗಲಿಯಲ್ಲಿ ನಿಂತು, ಕೈ ಚಾಚಿ ಹೊಡೆದಿರಬೇಕು ನೀವು. 20ರಿಂದ 30 ಸೆಂಟಿಮೀಟರ್ ದೂರ ಸರಿ. ಗೊಂಬೆಯ ಆಚೆಯಿಂದ ಶುರು ಮಾಡಿ ಈಚೆಗೆ ದಾಟಿಸಬೇಕು. ಒಂದೇ ಕಡೆ ನಿಲ್ಲಿಸಿ ಒತ್ತಬಾರದು.

ಇಷ್ಟೆಲ್ಲ ಹೇಳಿದರೂ ನನ್ನ ಸಲಹೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಸ್ಪ್ರೇ ಡಬ್ಬಿ ಮುಟ್ಟಲೇ ಬೇಡಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಮಡಿಕೇರಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ. ಗಾಳಿಯ ತೇವ ತೋರಿಸುವ ಸಣ್ಣ ಮೀಟರ್ ಸಿಗುತ್ತದೆ. ಒಂದು ತಂದಿಟ್ಟುಕೊಳ್ಳಿ. ಶೇ 70 ದಾಟಿದ್ದರೆ ಸ್ಪ್ರೇ ಬೇಡ. ಬ್ರಷ್‌ನಲ್ಲಿ ಬಳಿಯುವ ಅಕ್ರಿಲಿಕ್ ಪ್ರೈಮರ್ ಸಿಗುತ್ತದೆ. ಸ್ಪೇನಿನ ವಲೇಹೋ ಕಂಪನಿಯದು ನಮ್ಮ ದೇಶದ ಆನ್‌ಲೈನ್ ಅಂಗಡಿಗಳಲ್ಲೂ ಇದೆ. ಬೂದು ಬಣ್ಣದ್ದು ತೆಗೆದುಕೊಳ್ಳಿ. ಎರಡು ತೆಳು ಕೋಟ್ ಬಳಿದು, ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದು ಪೂರ್ತಿ ದಿನ ಇಡಿ. ಮಳೆಗಾಲದಲ್ಲಿ ಇನ್ನೊಂದು ದಿನ ಜಾಸ್ತಿ ಆದರೂ ಪರವಾಗಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೇಗ ಒಣಗುತ್ತೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹೊಗೆಯ ಜಿಡ್ಡು ಕೂರುತ್ತದೆ. ಬಿಸಿಗೆ ರೆಸಿನ್ ಮೆತ್ತಗಾಗಿ ಕತ್ತಿ ಬಾಗುತ್ತದೆ. (ಈಗಾಗಲೇ ಬಾಗಿದ್ದರೆ ಇದೇ ಗುಣವನ್ನು ಉಪಯೋಗಿಸಿಕೊಳ್ಳಬಹುದು. ಬಿಸಿ ನೀರಲ್ಲಿ ಅದ್ದಿ, ನೇರ ಮಾಡಿ, ತಣ್ಣೀರಿಗೆ ಹಾಕಿ.)

ತರಿ ಹಿಡಿದ ಗೊಂಬೆಯನ್ನು ಎಸೆಯಬೇಡಿ. ಒಣ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ ನೋಡಿ. ಪುಡಿಯಾಗಿ ಕೂತದ್ದು ಎಷ್ಟೋ ಉದುರುತ್ತದೆ. ಸಾಲದಿದ್ದರೆ ಡೆಟಾಲ್‌ನಲ್ಲಿ ನೆನೆಸಿ ತೆಗೆಯಬಹುದು. ಮೊದಲು ಗೊಂಬೆಯ ಕಾಲಡಿ, ಕಾಣದ ಜಾಗದಲ್ಲಿ ಪರೀಕ್ಷೆ ಮಾಡಿ, ಯಾಕೆಂದರೆ ಎಲ್ಲ ರೆಸಿನ್ ಒಂದೇ ಥರ ಇರುವುದಿಲ್ಲ. ಕೈಗವಸು ಹಾಕಿಕೊಳ್ಳಿ. ಬಣ್ಣ ಪೂರ್ತಿ ಬಿಡುವವರೆಗೆ ಡೆಟಾಲ್‌ನಲ್ಲೇ ಉಜ್ಜಿ. ನಡುವೆ ನೀರು ಸೋಕಿಸಿದರೆ ಕರಗಿದ ಬಣ್ಣ ಡಾಂಬರಿನಂತೆ ಅಂಟಿಕೊಳ್ಳುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನ್ ಅಂತೂ ಬೇಡವೇ ಬೇಡ. ಆಮೇಲೆ ಪಾತ್ರೆ ತೊಳೆಯುವ ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ. ಹೊಸ ರೆಸಿನ್ ಗೊಂಬೆಗೂ ಈ ಸೋಪಿನ ಸ್ನಾನ ಬೇಕು. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಮೈಮೇಲೆ ಉಳಿದಿರುತ್ತದೆ.

ತೊಳೆದ ಮೇಲೆ ಅಚ್ಚಿನ ಗೆರೆ ಹುಡುಕಿ, ಬ್ಲೇಡಿನ ಬೆನ್ನಿನಿಂದ ಕೆರೆಯಿರಿ. ಉಪ್ಪುಕಾಗದ ಬಳಸುವುದಾದರೆ ನೀರಲ್ಲಿ ಅದ್ದಿ ಉಜ್ಜಿ, ಮಾಸ್ಕ್ ಹಾಕಿ. ರೆಸಿನ್ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸಂದು ಇದ್ದರೆ ಎಂ-ಸೀಲ್ ತುಂಬಬಹುದು. ಅಂಟಿಸಲು ಫೆವಿಕ್ವಿಕ್ ಸಾಕು. ಆ ಅಂಟು ಗಟ್ಟಿಯಾಗುವುದೇ ತೇವದಿಂದ. ಹಾಗಾಗಿ ನಮ್ಮೂರ ಮಳೆಗಾಲದಲ್ಲಿ ಬೇಗ ಹಿಡಿಯುತ್ತದೆ, ಆದರೆ ಸುತ್ತ ಬಿಳಿ ಮಬ್ಬು ಬಿಡುತ್ತದೆ. ತೀರಾ ಕಡಿಮೆ ಹಾಕಿ. ಬಣ್ಣಕ್ಕೆ ಮೊದಲೇ ಅಂಟಿಸಿದರೆ ಆ ಮಬ್ಬಿನ ಚಿಂತೆಯೂ ಇಲ್ಲ.

ಇನ್ನು ಕುಪ್ಯ. ನಿಮ್ಮ ಪ್ರಶ್ನೆಯಲ್ಲಿ ಕಷ್ಟದ ಭಾಗ ಇದೇ, ಚೆಂದದ್ದೂ ಇದೇ. ಡಬ್ಬಿಯ ಕಪ್ಪನ್ನು ಹಾಗೇ ಬಳಿದರೆ ಅದಕ್ಕಿಂತ ಗಾಢವಾದ ನೆರಳು ಕೊಡಲು ಏನೂ ಉಳಿಯುವುದಿಲ್ಲ. ಆದ್ದರಿಂದ ಕುಪ್ಯದ ಮೂಲ ಬಣ್ಣವಾಗಿ ಕಪ್ಪಿಗೆ ಕಡುನೀಲಿ ಮತ್ತು ಸ್ವಲ್ಪ ಬೂದು ಬೆರೆಸಿ, ಕಪ್ಪಿಗಿಂತ ಒಂದು ಮೆಟ್ಟಿಲು ಮೇಲಿರುವ ಬಣ್ಣ ಮಾಡಿಕೊಳ್ಳಿ. ಶುದ್ಧ ಕಪ್ಪನ್ನು ಮಡಿಕೆಯ ಒಳಗೆ, ಚೇಲೆಯ ಕೆಳಗೆ, ತೋಳಿನ ಕೆಳಗೆ ಮಾತ್ರ ಇಡಿ. ಆಮೇಲೆ ಮಡಿಕೆಯ ನೆತ್ತಿಗೆ ನೀಲಿ-ಬೂದು, ಭುಜದ ಮೇಲೆ ಇನ್ನೊಂದಿಷ್ಟು ತಿಳಿ. ಕೊನೆಯ ತಿಳಿಗೆ ಬಿಳಿಯ ಬದಲು ಒಂದು ಚೂರು ಮೈಚರ್ಮದ ಬಣ್ಣ ಬೆರೆಸಿದರೆ ಸುಣ್ಣ ಬಳಿದಂತೆ ಕಾಣುವುದಿಲ್ಲ. ಇಲ್ಲಿ ಹಿಡಿತ ಬೇಕು. ತಿಳಿ ಬಣ್ಣ ಬಟ್ಟೆಯ ಐದನೇ ಒಂದು ಭಾಗ ದಾಟಿತೋ, ಕುಪ್ಯ ಕಪ್ಪಾಗಿ ಉಳಿಯುವುದಿಲ್ಲ, ಬೂದಿ ಬಣ್ಣದ ಕೋಟು ಆಗುತ್ತದೆ. ಬಿಳಿ ಕುಪ್ಯ ಸುಲಭ ಅಲ್ವಾ ಎಂದು ಕೇಳಬೇಡಿ. ಬಿಳಿ ಕೊಟ್ಟರೆ ಅವನು ಮದುಮಗ ಆಗಿಬಿಡುತ್ತಾನೆ. ಕತ್ತಿ ಹಿರಿದು ನಿಂತಿರುವ ಭಂಗಿಗೆ ಅದು ಹೊಂದುವುದಿಲ್ಲ.

ನೀಲಿ ಯಾಕೆ, ಕಂದು ಯಾಕಲ್ಲ? ಪಕ್ಕದಲ್ಲಿ ಚೇಲೆಯ ಕೆಂಪು ಇದೆ. ತಂಪು ಕಪ್ಪಿನ ಪಕ್ಕ ಬಿಸಿ ಕೆಂಪು ಎದ್ದು ನಿಲ್ಲುತ್ತದೆ. ಚರ್ಮದ ಪಟ್ಟಿ, ಚಪ್ಪಲಿ ಇದ್ದರೆ ಅವಕ್ಕೆ ಕಂದು ಬೆರೆಸಿದ ಕಪ್ಪು ಕೊಡಿ. ಎರಡೂ ಕಪ್ಪೇ ಆದರೂ ಬೇರೆ ಬೇರೆ ವಸ್ತು ಎಂದು ಕಣ್ಣಿಗೆ ಗೊತ್ತಾಗುತ್ತದೆ.

ಚೇಲೆ ರೇಷ್ಮೆ. ಉಣ್ಣೆಯಂತೆ ಮೆತ್ತಗೆ ಬೆಳಕು ಹರಡುವುದಿಲ್ಲ. ಹೊಳಪು ಕಿರಿದಾಗಿ, ಚುರುಕಾಗಿ ಇರಬೇಕು, ಪಕ್ಕದಲ್ಲೇ ಕಡು ನೆರಳು ಇರಬೇಕು. ಕೆಂಪಿಗೆ ಮೈಮುಚ್ಚುವ ಶಕ್ತಿ ಕಡಿಮೆ. ಬೂದು ಪ್ರೈಮರ್ ಮೇಲೆ ನೇರ ಬಳಿದರೆ ಪಟ್ಟೆಪಟ್ಟೆಯಾಗುತ್ತದೆ. ಅಡಿಯಲ್ಲಿ ಕೆಂಗಂದು ಒಂದು ಕೋಟ್ ಕೊಡಿ. ನೆರಳಿಗೆ ಕೆಂಪಿನಲ್ಲಿ ಒಂದು ಹನಿ ಕಡುಹಸಿರು ಬೆರೆಸಿದರೆ ಚಂದದ ಕಡುಕೆಂಪು ಬರುತ್ತದೆ. ಕಪ್ಪು ಬೆರೆಸಿದರೆ ಕೊಳೆಯಾಗುತ್ತದೆ. ಬೆಳಕಿಗೆ ಬಿಳಿ ಬೆರೆಸಬೇಡಿ, ಗುಲಾಬಿ ಆಗುತ್ತದೆ. ಕಿತ್ತಳೆ ಬೆರೆಸಿ. ಜರಿಯ ಕಸೂತಿಯನ್ನು ಬಿಡಿಸಲು ಹೋಗಬೇಡಿ. ಈ ಅಳತೆಯಲ್ಲಿ ಬಳ್ಳಿ, ಹೂವು ಬರೆದರೆ ಹೊಲಸಾಗಿ ಕಾಣುತ್ತದೆ. ಚೇಲೆಯ ತುದಿಯಲ್ಲಿ ಕಾವಿ-ಹಳದಿಯ ಪುಟ್ಟ ಅಡ್ಡಗೆರೆಗಳು, ಬೆಳಕು ಬೀಳುವ ಕಡೆ ಮಾತ್ರ ತಿಳಿಹಳದಿಯ ಒಂದೊಂದು ಚುಕ್ಕೆ. ನೋಡುವವರ ಕಣ್ಣು ಉಳಿದದ್ದನ್ನು ತುಂಬಿಕೊಳ್ಳುತ್ತದೆ.

ಬಣ್ಣದ ಹದ ಹೇಳುವುದು ಬಿಟ್ಟುಹೋಗಬಾರದು. ಹಾಲಿನ ಹದಕ್ಕೆ ತೆಳುಗೊಳಿಸಿ, ಒಂದರ ಮೇಲೊಂದು ಕೋಟ್ ಕೊಡಿ. ಒಂದೇ ಸಲ ದಪ್ಪ ಬಳಿದರೆ ಶಿಲ್ಪಿ ಕೆತ್ತಿದ್ದೆಲ್ಲ ಮುಚ್ಚಿಹೋಗುತ್ತದೆ. ನಿಮ್ಮ ಹಳೆಯ ಗೊಂಬೆಯ ಮುಖ ಮುದ್ದೆಯಾದದ್ದು ಇದರಿಂದಲೇ ಇರಬೇಕು. ಟ್ಯೂಬಿನಲ್ಲಿ ಬರುವ ಕಲಾವಿದರ ಅಕ್ರಿಲಿಕ್ ಬಣ್ಣ ಅಡಿಬಣ್ಣಕ್ಕೆ, ಅಭ್ಯಾಸಕ್ಕೆ ಸಾಕು. ಮುಖಕ್ಕೂ ಚೇಲೆಗೂ ಮಿನಿಯೇಚರ್‌ಗೆಂದೇ ಮಾಡಿದ ಬಣ್ಣ ನಾಲ್ಕೈದು ಕೊಳ್ಳಿ. ಅದರಲ್ಲಿ ಬಣ್ಣದ ಕಣ ಸಣ್ಣದು, ತೆಳುಗೊಳಿಸಿದರೂ ಒಡೆಯುವುದಿಲ್ಲ.

ಬಣ್ಣ ಬೆರೆಸುವ ಒದ್ದೆ ತಟ್ಟೆಯನ್ನು, ಅಂದರೆ ಒದ್ದೆ ಪ್ಯಾಲೆಟ್ಟನ್ನು, ಮನೆಯಲ್ಲೇ ಮಾಡಿಕೊಳ್ಳಬಹುದು. ಚಪ್ಪಟೆ ಟಿಫಿನ್ ಡಬ್ಬಿ, ಒಳಗೆ ಒದ್ದೆ ಸ್ಪಂಜು, ಮೇಲೆ ಬೇಕಿಂಗ್ ಪೇಪರ್. ಬಣ್ಣ ಗಂಟೆಗಟ್ಟಲೆ ಒಣಗುವುದಿಲ್ಲ. ಆದರೆ ಮಳೆಗಾಲದಲ್ಲಿ ಅದಕ್ಕೆ ಬೂಸು ಬರುತ್ತದೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಸ್ಪಂಜು ಹಿಂಡಿ ತೊಳೆಯಿರಿ.

ಮಳೆಗಾಲವನ್ನು ಇಷ್ಟು ಬೈದೆ. ಅದರಿಂದ ಒಂದು ಲಾಭವೂ ಇದೆ. ಅಕ್ರಿಲಿಕ್ ನಿಧಾನ ಒಣಗುತ್ತದೆ. ಎರಡು ಬಣ್ಣವನ್ನು ಹಸಿಯಾಗಿರುವಾಗಲೇ ಒಂದಕ್ಕೊಂದು ಸೇರಿಸಲು ಜನವರಿ, ಫೆಬ್ರವರಿಯ ಒಣ ಗಾಳಿಯಲ್ಲಿ ಕೈ ಓಡಿಸಬೇಕು. ಜುಲೈಯಲ್ಲಿ ಅಷ್ಟು ಅವಸರ ಇಲ್ಲ. ಕುಪ್ಯದ ಹಿಂಭಾಗದ ದೊಡ್ಡ ಮಡಿಕೆಗಳಲ್ಲಿ ಇದನ್ನು ಪ್ರಯತ್ನಿಸಿ ನೋಡಿ.

ವಾಶ್ ಎಂದು ಕರೆಯುವ ತೆಳು ನೆರಳು ಬಣ್ಣಕ್ಕೆ ಮಾತ್ರ ಈ ನಿಧಾನ ಕೆಡುಕು. ವಾಶ್ ತಾನಾಗಿ ಸಂದಿಗೆ ಇಳಿಯುತ್ತದೆ ನಿಜ. ಚಪ್ಪಟೆ ಜಾಗದಲ್ಲಿ ನಿಂತರೆ ಅಂಚಿನಲ್ಲಿ ಉಂಗುರದ ಕಲೆ ಬಿಡುತ್ತದೆ. ಇದು ಮೇಜಿನ ಮೇಲೆ ಚೆಲ್ಲಿದ ಕಾಫಿಯ ಕಲೆಯೇ. ಭೌತವಿಜ್ಞಾನಿಗಳೂ ಇದನ್ನು ಕಾಫಿ ಉಂಗುರ ಎಂದೇ ಕರೆಯುತ್ತಾರೆ. ಹನಿಯ ಅಂಚು ಮೊದಲು ಆರುತ್ತದೆ, ಅಲ್ಲಿ ಕಡಿಮೆಯಾದ ನೀರನ್ನು ತುಂಬಲು ನಡುವಿನ ನೀರು ಹರಿದು ಬರುತ್ತದೆ, ಬರುವಾಗ ಕಣಗಳನ್ನೂ ಹೊತ್ತು ತರುತ್ತದೆ ಎಂದು 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ವಿವರಿಸಿದ್ದರು. ಕಾಫಿ ನಾಡಿನವರಿಗೆ ಇದು ಬೇಗ ಅರ್ಥವಾಗಬೇಕು! ಹಾಗಾಗಿ ವಾಶನ್ನು ಇಡೀ ಮೈಗೆ ಸುರಿಯಬೇಡಿ. ಸಂದಿಗಷ್ಟೇ ಹಾಕಿ, ಜಾಸ್ತಿ ನಿಂತದ್ದನ್ನು ಒರೆಸಿದ ಬ್ರಷ್‌ನ ತುದಿಯಿಂದ ಹೀರಿ ತೆಗೆಯಿರಿ. ಪೂರ್ತಿ ಒಣಗುವ ಮೊದಲು ಮತ್ತೆ ಮುಟ್ಟಬೇಡಿ.

ಹಚ್ಚುವ ಕ್ರಮ ಒಳಗಿನಿಂದ ಹೊರಗೆ. ಮೊದಲು ಮೈಚರ್ಮ, ಆಮೇಲೆ ಕುಪ್ಯ, ಚೇಲೆ, ಕೊನೆಗೆ ಲೋಹ. ಬಟ್ಟೆ ಬಳಿಯುವಾಗ ಚರ್ಮದ ಅಂಚು ತಾನಾಗಿ ನೇರವಾಗುತ್ತದೆ.

ಮುಖಕ್ಕೆ ಡಬ್ಬಿಯ ಮೇಲೆ ಚರ್ಮದ ಬಣ್ಣ ಎಂದು ಬರೆದಿರುವುದನ್ನು ನಂಬಿಕೊಳ್ಳಬೇಡಿ. ಬಹಳಷ್ಟು ಬಿಳಿಯರ ಚರ್ಮಕ್ಕೆ ಮಾಡಿದ್ದು. ಬರ್ನ್ಟ್ ಸಿಯೆನ್ನಾಗೆ (ಇಟ್ಟಿಗೆ ಕಂದು) ಯೆಲ್ಲೋ ಓಕರ್ (ಮಣ್ಣಿನ ಹಳದಿ) ಬೆರೆಸಿ ಮೂಲ ಬಣ್ಣ ಮಾಡಿ. ನೆರಳಿಗೆ ಅದರಲ್ಲೇ ಕೆಂಗಂದು ಮತ್ತು ಒಂದು ಚೂರು ನೇರಳೆ. ಬೆಳಕಿಗೆ ಓಕರ್ ಜಾಸ್ತಿ. ಬೆಳಕು ಬೀಳಬೇಕಾದ ಜಾಗ ಹಣೆ, ಮೂಗಿನ ಬೆನ್ನು, ಕೆನ್ನೆಯ ಮೂಳೆ, ಗಲ್ಲ, ಕೆಳತುಟಿ. ಮೂಗಿಗೆ ಮಿಕ್ಕೆಲ್ಲಕ್ಕಿಂತ ಒಂದು ಮೆಟ್ಟಿಲು ಜಾಸ್ತಿ ಕೊಡಿ, ಮುಖಕ್ಕೆ ಜೀವ ಬರುತ್ತದೆ. ಕಣ್ಣಿನ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ಈ ಅಳತೆಯಲ್ಲಿ ಬಿಳಿಗುಡ್ಡೆ ಬೇಡ ಎನ್ನುತ್ತೇನೆ. ಬಿಳಿ ಹಾಕಿದ ಕಣ್ಣು ಹತ್ತಕ್ಕೆ ಒಂಬತ್ತು ಸಲ ಬೆಚ್ಚಿಬಿದ್ದವನ ಕಣ್ಣು. ಕಡುಕಂದಿನ ಒಂದು ಗೆರೆ ಎಳೆದು, ಹುಬ್ಬಿನ ಕೆಳಗೆ ನೆರಳು ಬಿಟ್ಟರೆ ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಯೋಧ ಸಿಗುತ್ತಾನೆ. ಬಿಳಿ ಬೇಕೇ ಬೇಕು ಎಂದರೆ ಮೊದಲು ಕಣ್ಣಿನ ಗುಳಿಗೆ ಕಡುಕಂದು, ಒಳಗೆ ಕೆನೆ ಬಣ್ಣದ ಗೆರೆ, ಮೇಲಿಂದ ಕೆಳಗೆ ಒಂದೇ ಕಪ್ಪು ಗೀಟು. ಗೀಟು ಎರಡೂ ರೆಪ್ಪೆಗೆ ತಾಗಬೇಕು. ನಡುವೆ ಚುಕ್ಕೆಯಾಗಿ ನಿಂತರೆ ಮತ್ತೆ ಅದೇ ಗಾಬರಿ.

ಲೋಹಕ್ಕೆ ಲೋಹದ ಬಣ್ಣವನ್ನೇ ಬಳಸಿ. ಮಾಮೂಲಿ ಬಣ್ಣದಲ್ಲೇ ಲೋಹದ ಹೊಳಪು ತೋರಿಸುವ ವಿದ್ಯೆ ಇದೆ, ಸ್ಪರ್ಧೆಯ ಗೊಂಬೆಗಳಲ್ಲಿ ನೀವು ನೋಡಿರಬಹುದು. ಅದಕ್ಕೆ ಈಗ ಕೈ ಹಾಕಬೇಡಿ. ಕತ್ತಿಗೆ ಕಡು ಉಕ್ಕಿನ ಬಣ್ಣ, ಮೇಲೆ ಕಪ್ಪು ವಾಶ್, ಅಂಚಿಗೆ ಮಾತ್ರ ಬೆಳ್ಳಿ. ಪೀಚೆಕತ್ತಿಯ (ಸೊಂಟದ ಕಿರುಗತ್ತಿ) ಒರೆ ಸೇರಿಸುವ ಆಸೆ ಇದ್ದರೆ ಎಂ-ಸೀಲ್‌ನಿಂದ ಒಂದು ಪುಟ್ಟ ಒರೆ ತಿದ್ದಿ ಚೇಲೆಯ ಮುಂಭಾಗಕ್ಕೆ ಸಿಕ್ಕಿಸಿ. ಒಡಿಕತ್ತಿ (ಅಗಲ ಯುದ್ಧಗತ್ತಿ) ಆದರೆ ಬೆನ್ನಿಗೆ, ಕತ್ತಿ ಸಿಕ್ಕಿಸುವ ತೊಡಂಗಿನಲ್ಲಿ. ಜಾಗ ಅದಲುಬದಲು ಮಾಡಿದರೆ ಮನೆಯ ಹಿರಿಯರು ಮೊದಲು ಅದನ್ನೇ ಹೇಳುತ್ತಾರೆ, ನಿಮ್ಮ ನೆರಳು-ಬೆಳಕನ್ನು ಯಾರೂ ನೋಡುವುದಿಲ್ಲ. ಲೋಹದ ಬಣ್ಣಕ್ಕೆ ನೀರಿನ ಲೋಟ ಬೇರೆ ಇರಲಿ. ಅದರ ಮಿನುಗು ಕಣ ಸೇರಿದ ನೀರಲ್ಲಿ ಬ್ರಷ್ ಅದ್ದಿ ಮುಖ ಮುಟ್ಟಿದರೆ ಕೆನ್ನೆ ಫಳಫಳ ಎನ್ನುತ್ತದೆ.

ಗೊಂಬೆ ನಿಲ್ಲುವ ಪೀಠಕ್ಕೆ, ಅಂದರೆ ಬೇಸ್‌ಗೆ, ಹೊಳೆ ಮರಳು ಒಳ್ಳೆಯದು. ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು, ಆರಿಸಿ, ಫೆವಿಕಾಲ್‌ನಲ್ಲಿ ಅಂಟಿಸಿ. ಕಾಫಿ ಪುಡಿಯ ಚರಟವನ್ನು ಮಣ್ಣಾಗಿ ಬಳಸುವವರಿದ್ದಾರೆ, ಬಣ್ಣವೇನೋ ನಮ್ಮ ತೋಟದ ಮಣ್ಣಿನದ್ದೇ. ಆದರೆ ಇಲ್ಲಿ ಬೂಸು ಗ್ಯಾರಂಟಿ. ಎಲೆ, ಪಾಚಿಯೂ ಅಷ್ಟೆ, ಚೆನ್ನಾಗಿ ಒಣಗಿಸಿ ವಾರ್ನಿಷ್ ಕುಡಿಸದೆ ಹಾಕಬೇಡಿ. ಮಳೆಕಾಡಿನ ಬೇಸ್ ಮಾಡುವವರು ಜಿಗಣೆ ಮಾಡುವುದು ಹೇಗೆ ಎಂದು ಕೇಳುತ್ತಾರೆ. ಈ ಅಳತೆಯಲ್ಲಿ ಮೂರು ಸೆಂಟಿಮೀಟರ್ ಜಿಗಣೆ ಅರ್ಧ ಮಿಲಿಮೀಟರ್ ಆಗುತ್ತದೆ. ಸುಮ್ನೆ ಇದೆ ಅಂದುಕೊಳ್ಳಿ.

ವಾರ್ನಿಷ್ ಕೂಡ ಬ್ರಷ್‌ನಲ್ಲೇ, ಹೊಳಪಿಲ್ಲದ ಮ್ಯಾಟ್. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಹೊಳಪು ತೆಗೆಯುವ ಪುಡಿ ತಳದಲ್ಲಿ ಕೂತಿರುತ್ತದೆ. ಲೋಹದ ಮೇಲೆ ಮ್ಯಾಟ್ ಬಿದ್ದರೆ ಹೊಳಪು ಸಾಯುತ್ತದೆ. ಹಾಗಾಗಿ ಬೆಳ್ಳಿಯ ಕೊನೆಯ ಅಂಚುಗೆರೆ ಮತ್ತು ರೇಷ್ಮೆಯ ಮೇಲೆ ಒಂದು ಗೆರೆ ಅರೆಹೊಳಪಿನ ಸ್ಯಾಟಿನ್ ವಾರ್ನಿಷ್, ಇವೆರಡನ್ನೂ ಮ್ಯಾಟ್ ಒಣಗಿದ ಮೇಲೆ ಕೊಡಿ.

ದೀಪದ ಬಗ್ಗೆ ಒಂದು ಮಾತು. ಮಳೆ ಹೊಡೆದ ದಿನ ಕರೆಂಟ್ ಹೋಗುತ್ತದೆ, ಮೋಡದ ಬೆಳಕಿನಲ್ಲಿ ಬಣ್ಣ ತಪ್ಪು ಕಾಣುತ್ತದೆ. ಚಾರ್ಜ್ ಆಗುವ ಬಿಳಿ ಎಲ್‌ಇಡಿ ದೀಪ, ಸಿಆರ್‌ಐ (ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕಿಂತ ಮೇಲಿರುವುದು, ಒಂದು ಇಟ್ಟುಕೊಳ್ಳಿ. ಅದನ್ನು ಯಾವಾಗಲೂ ಗೊಂಬೆಯ ತಲೆಯ ಮೇಲಿಂದ ಬೀಳುವಂತೆ ಇಡಿ. ಬೆಳಕು ಎಲ್ಲಿ ಬರೆಯಬೇಕು ಎಂದು ಅದೇ ತೋರಿಸಿಕೊಡುತ್ತದೆ.

ಕೈಲ್‌ಪೊಳ್ದ್‌ಗೆ ಮುಗಿಯುತ್ತದೆ. ಸೆಪ್ಟೆಂಬರ್ ಶುರುವಿಗೆ ಇನ್ನೂ ಸಮಯ ಇದೆ. ಸಂಜೆ ಒಂದೊಂದು ಗಂಟೆ ಕೂತರೂ ಸಾಕು. ಕೊನೆಯ ವಾರವನ್ನು ವಾರ್ನಿಷ್ ಒಣಗಲು ಬಿಡಿ. ಏರ್‌ಬ್ರಷ್ ಒಂದೇ ಗೊಂಬೆಗೆ ಬೇಡ. ಇಪ್ಪತ್ತು ಆಳಿನ ಪಡೆ ಕಟ್ಟುವಾಗ ಯೋಚಿಸಿ. ಆಗಲೂ ಕಂಪ್ರೆಸರ್ ಜೊತೆ ನೀರು ಹಿಡಿಯುವ ಟ್ರ್ಯಾಪ್ ಇದೆಯಾ ಎಂದು ಮೊದಲು ಕೇಳಿ. ನಮ್ಮ ಗಾಳಿಯನ್ನು ಒತ್ತಿದರೆ ಅದರ ತೇವ ಪೈಪಿನಲ್ಲೇ ನೀರಾಗುತ್ತದೆ. ಟ್ರ್ಯಾಪ್ ಇಲ್ಲದಿದ್ದರೆ ಆ ಹನಿ ಬಣ್ಣದ ಜೊತೆ ಸಿಡಿದು ನೇರ ಗೊಂಬೆಯ ಮೇಲೆ ಬೀಳುತ್ತದೆ.